ಸ್ಪ್ಯಾನಿಷ್ ಪಾಠವನ್ನು ತಿದ್ದುವ ಹಕ್ಕು

ಆನ್‌ಲೈನ್ ಸ್ಪ್ಯಾನಿಷ್ ಕೋರ್ಸ್ ಒಂದನ್ನು ಮುಕ್ತ ಶೈಕ್ಷಣಿಕ ಸಂಪನ್ಮೂಲಗಳಿಂದಲೇ ಕಟ್ಟಲು ಸಾಧ್ಯವೇ ಎಂದು ಕೇಳುವವರಿಗೆ ನನ್ನ ಉತ್ತರ ಸ್ಪಷ್ಟ: ಖಂಡಿತ ಸಾಧ್ಯ. ಆದರೆ ಸಿಕ್ಕಸಿಕ್ಕ ಕೊಂಡಿಗಳನ್ನೆಲ್ಲ ಒಂದು ಪುಟಕ್ಕೆ ತಂದು ಸುರಿದು ಅದನ್ನೇ ಕೋರ್ಸ್ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಹಣ ಕೊಡದೆ ನೋಡಲು ಸಿಗುವುದೇ ಬೇರೆ, ಮುಕ್ತವಾಗಿರುವುದೇ ಬೇರೆ. ಮುಕ್ತ ಸಂಪನ್ಮೂಲದ ನಿಜವಾದ ಬೆಲೆ ಇರುವುದು ಅದನ್ನು ತಿದ್ದಬಹುದು ಎಂಬುದರಲ್ಲಿ. ಆ ಹಕ್ಕನ್ನು ಬಳಸದವರು ಅರ್ಧ ಉಡುಗೊರೆಯನ್ನು ಬಾಗಿಲಲ್ಲೇ ಬಿಟ್ಟು ಬಂದಂತೆ.

ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು ಬಳಕೆಗೆ ಬಂದದ್ದು 2002ರಲ್ಲಿ, ಯುನೆಸ್ಕೊ ಕರೆದ ಸಭೆಯೊಂದರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ, ತನ್ನ ಕೃತಿಯನ್ನು ಇತರರು ಹೇಗೆ ಬಳಸಬಹುದು ಎಂದು ಕರ್ತೃವೇ ಮೊದಲೇ ಹೇಳಿಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಹೊರಬಂದವು. ಕೋರ್ಸ್ ಕಟ್ಟುವವರು ಮೊದಲು ಓದಬೇಕಾದದ್ದು ಈ ಪರವಾನಗಿಯನ್ನು. ಪಾಠ ಓದುವುದು ಆಮೇಲೆ. ಪರವಾನಗಿಯ ಹೆಸರಿನಲ್ಲಿ 'ಬಿವೈ' ಎಂದಷ್ಟೇ ಇದ್ದರೆ ಕರ್ತೃವಿನ ಹೆಸರು ಹೇಳಿ ಹೇಗೆ ಬೇಕಾದರೂ ಬಳಸಬಹುದು. 'ಎಸ್‌ಎ' ಇದ್ದರೆ ತಿದ್ದಿದ ಪಾಠವನ್ನೂ ಅದೇ ಷರತ್ತಿನ ಮೇಲೆ ಹಂಚಬೇಕು. 'ಎನ್‌ಸಿ' ವಾಣಿಜ್ಯ ಬಳಕೆಗೆ ತಡೆ. 'ಎನ್‌ಡಿ' ಇದ್ದರಂತೂ ತಿದ್ದಿದ ರೂಪವನ್ನು ಹಂಚುವಂತಿಲ್ಲ. ಅನುವಾದವೂ ತಿದ್ದುಪಡಿಯೇ ಎಂಬುದನ್ನು ಹಲವರು ಗಮನಿಸುವುದಿಲ್ಲ. ಬಿವೈ-ಎಸ್‌ಎ ಪಾಠವನ್ನೂ ಬಿವೈ-ಎನ್‌ಸಿ-ಎಸ್‌ಎ ಪಾಠವನ್ನೂ ಬೆರೆಸಿ ಒಂದೇ ಹೊಸ ಪಾಠ ಮಾಡಲು ಬರುವುದಿಲ್ಲ, ಎರಡರ ಷರತ್ತುಗಳೂ ಒಂದಕ್ಕೊಂದು ಹೊಂದುವುದಿಲ್ಲ. ಕೋರ್ಸಿನ ಅರ್ಧ ದಾರಿಯಲ್ಲಿ ಇದು ತಿಳಿದರೆ ಇಡೀ ಘಟಕವನ್ನೇ ಕಿತ್ತು ಹಾಕಬೇಕಾಗುತ್ತದೆ.

ಓದಲು ಸಿಗುವುದೆಲ್ಲ ಮುಕ್ತವಲ್ಲ ಎಂಬುದಕ್ಕೆ, ಸ್ಪ್ಯಾನಿಷ್ ಕಲಿಸಲು ಸ್ಪೇನ್ ಸರ್ಕಾರ ನಡೆಸುವ ಇನ್ಸ್ಟಿಟ್ಯೂಟೊ ಸೆರ್ವಾಂತೆಸ್‌ನ ಪಠ್ಯಯೋಜನೆಯನ್ನೇ ನೋಡಿ. ಆರಂಭದ ಎ1ರಿಂದ ಅತ್ಯುನ್ನತ ಸಿ2ರವರೆಗೆ ಪ್ರತಿ ಹಂತದಲ್ಲಿ ಏನು ಕಲಿಯಬೇಕು ಎಂಬುದು ಅದರಲ್ಲಿ ವಿವರವಾಗಿದೆ, ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಆದರೆ ಹಕ್ಕುಸ್ವಾಮ್ಯ ಸಂಸ್ಥೆಯದ್ದು. ನಕ್ಷೆಯಾಗಿ ಮುಂದಿಟ್ಟುಕೊಳ್ಳಿ, ನಕಲು ಮಾಡಬೇಡಿ.

ಇನ್ನು ನಿಜವಾಗಿ ಮುಕ್ತವಾದ ಸಾಮಗ್ರಿ. ಅಮೆರಿಕದ ಫಾರಿನ್ ಸರ್ವಿಸ್ ಇನ್ಸ್ಟಿಟ್ಯೂಟ್ ತನ್ನ ರಾಜತಾಂತ್ರಿಕರಿಗಾಗಿ ದಶಕಗಳ ಹಿಂದೆ ಮಾಡಿದ ಸ್ಪ್ಯಾನಿಷ್ ಕೋರ್ಸ್ ಸರ್ಕಾರಿ ಕೃತಿಯಾದ್ದರಿಂದ ಅಲ್ಲಿ ಸಾರ್ವಜನಿಕ ಸ್ವತ್ತು. ವಾಕ್ಯರಚನೆಯನ್ನು ಬಾಯಿಗೆ ಕೂರಿಸುವ ಅದರ ಧ್ವನಿ ಅಭ್ಯಾಸಗಳು ಇಂದಿಗೂ ಗಟ್ಟಿ. ಸಂಭಾಷಣೆಗಳು ಮಾತ್ರ ದೂತಾವಾಸದ ಹಳೆಯ ಜಗತ್ತಿನವು. ಇಂದಿನ ಕಲಿಯುವವನಿಗೆ ಅವನ್ನು ಹಾಗೆಯೇ ಕೊಡುವುದು ಅನ್ಯಾಯ. ಅಭ್ಯಾಸದ ಚೌಕಟ್ಟನ್ನು ಉಳಿಸಿಕೊಂಡು ಮಾತುಕತೆಯನ್ನು ಹೊಸದಾಗಿ ಬರೆಯಬೇಕು. ಭಾಷಾ ಕಲಿಕೆಯ ಮುಕ್ತ ಸಾಮಗ್ರಿ ಒದಗಿಸುವ ಟೆಕ್ಸಾಸ್ ವಿಶ್ವವಿದ್ಯಾಲಯದ ಕೊಯೆರ್ಲ್ ಕೇಂದ್ರದ ಮೂಲಕ ಬೇರೆ ಬೇರೆ ದೇಶಗಳ ಸ್ಪ್ಯಾನಿಷ್ ಭಾಷಿಕರು ಸಹಜವಾಗಿ ಮಾತನಾಡುವ ವಿಡಿಯೊಗಳು ಸಿಗುತ್ತವೆ. ಟಟೋಬಾ ಎಂಬ ಜಾಲತಾಣದಲ್ಲಿ ಉದಾಹರಣೆ ವಾಕ್ಯಗಳು ರಾಶಿ ಇವೆ; ಆದರೆ ಸ್ಪ್ಯಾನಿಷ್ ಮಾತೃಭಾಷೆಯಾಗಿರುವವರು ಬರೆದವನ್ನೇ ಆರಿಸಿ, ಧ್ವನಿಮುದ್ರಣದ ಪರವಾನಗಿಯನ್ನು ಬೇರೆಯಾಗಿ ಪರೀಕ್ಷಿಸಿ. ಅದು ವಾಕ್ಯದ ಪರವಾನಗಿಯಂತೆಯೇ ಇರಬೇಕೆಂದಿಲ್ಲ.

ಈಗ ನನಗೆ ಅತ್ಯಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಈ ಸಾಮಗ್ರಿಗಳಲ್ಲಿ ಬಹುಪಾಲು ಇಂಗ್ಲಿಷ್ ಬಲ್ಲವರಿಗಾಗಿ ಬರೆದವು. ಯಾವುದು ಕಷ್ಟ, ಯಾವುದು ಸುಲಭ ಎಂಬ ಅವುಗಳ ಲೆಕ್ಕವೆಲ್ಲ ಇಂಗ್ಲಿಷಿನ ಕಣ್ಣಿನಿಂದಲೇ ಬಂದದ್ದು. 'ಮೆ ಗುಸ್ತಾ ಲಾ ಮೂಸಿಕಾ' ಎಂಬ ವಾಕ್ಯವನ್ನು ಅವು ವಿಚಿತ್ರ ರಚನೆ ಎಂಬಂತೆ ಪುಟಗಟ್ಟಲೆ ವಿವರಿಸುತ್ತವೆ. ಕನ್ನಡಿಗನಿಗೆ ಅದರಲ್ಲಿ ವಿಚಿತ್ರವೇನಿದೆ? 'ನನಗೆ ಸಂಗೀತ ಇಷ್ಟವಾಗುತ್ತದೆ.' ವಸ್ತು ಬಹುವಚನವಾದರೆ 'ಇಷ್ಟವಾಗುತ್ತವೆ' ಎನ್ನುತ್ತೇವೆ, ಅವರು 'ಗುಸ್ತಾನ್' ಎನ್ನುತ್ತಾರೆ. ಕ್ರಿಯಾಪದದ ಕೊನೆಯಲ್ಲೇ ಯಾರು ಎಂಬುದು ತಿಳಿಯುವುದರಿಂದ 'ನಾನು' ಎಂಬುದನ್ನು ಬಿಟ್ಟು ಮಾತನಾಡುವುದು, 'ತೂ' ಮತ್ತು 'ಉಸ್ತೆದ್' ನಡುವಿನ ನೀನು-ನೀವು ವ್ಯತ್ಯಾಸ, ಮಹಾಪ್ರಾಣವಿಲ್ಲದ ಪ, ತ, ಕ ಇವೆಲ್ಲ ನಮ್ಮಲ್ಲಿ ಇರುವಂಥವೇ.

'ಇರು', 'ಆಗಿರು' ಎಂಬ ಅರ್ಥಕ್ಕೆ ಸ್ಪ್ಯಾನಿಷ್‌ನಲ್ಲಿರುವ 'ಸೆರ್' ಮತ್ತು 'ಎಸ್ತಾರ್' ಎಂಬ ಎರಡು ಕ್ರಿಯಾಪದಗಳ ಗೊಂದಲವನ್ನೂ ಕನ್ನಡದಿಂದಲೇ ಸಾಕಷ್ಟು ಬಿಡಿಸಬಹುದು. 'ನಾನು ವಿದ್ಯಾರ್ಥಿ' ಎನ್ನುವಾಗ ನಾವು ಕ್ರಿಯಾಪದವನ್ನೇ ಬಳಸುವುದಿಲ್ಲ, ಅಲ್ಲಿ ಸೆರ್. 'ಮನೆಯಲ್ಲಿದ್ದೇನೆ', 'ದಣಿದಿದ್ದೇನೆ' ಎನ್ನುವಾಗ 'ಇದ್ದೇನೆ' ಬರುತ್ತದೆ, ಅಲ್ಲಿ ಎಸ್ತಾರ್. 'ಅವನು ಎತ್ತರವಾಗಿದ್ದಾನೆ' ಎಂಬಲ್ಲಿ ಈ ಹೋಲಿಕೆ ಕೈಕೊಡುತ್ತದೆ, ಏಕೆಂದರೆ ಸ್ಪ್ಯಾನಿಷ್ ಅಲ್ಲಿ ಸೆರ್ ಕೇಳುತ್ತದೆ. ಹಾಗಾದರೆ ಅಭ್ಯಾಸ ಹೆಚ್ಚು ಬೇಕಾದದ್ದು ಸರಿಯಾಗಿ ಆ ಜಾಗದಲ್ಲಿ. ಇನ್ನೊಂದು ಕಡೆ, ಇಂಗ್ಲಿಷಿನ 'ದ' ಇದ್ದಂತೆ ನಾಮಪದದ ಮುಂದೆ ಬರುವ 'ಎಲ್' (ಪುಲ್ಲಿಂಗಕ್ಕೆ), 'ಲಾ' (ಸ್ತ್ರೀಲಿಂಗಕ್ಕೆ) ಎಂಬ ಉಪಪದಗಳನ್ನು ಇಂಗ್ಲಿಷ್ ಪಾಠಗಳು ಬೇಗನೆ ಮುಗಿಸಿಬಿಡುತ್ತವೆ, ಅವರ ಭಾಷೆಯಲ್ಲಿ ಅಂಥವು ಇವೆಯಲ್ಲ! ನಮ್ಮಲ್ಲಿಲ್ಲ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬುದಕ್ಕೆ ನಮ್ಮ ಕಿವಿ ಒಗ್ಗಲು ವಾರಗಟ್ಟಲೆ ಬೇಕು. ಇಂಗ್ಲಿಷ್ ಪಾಠವನ್ನು ಸಾಲುಸಾಲಾಗಿ ಅನುವಾದಿಸಿದರೆ ಸುಲಭವಾದುದಕ್ಕೆ ಹತ್ತು ಪುಟ, ಕಷ್ಟವಾದುದಕ್ಕೆ ಅರ್ಧ ಪುಟ ಉಳಿಯುತ್ತದೆ. ಆ ಪುಟಗಳನ್ನು ತೆಗೆಯಲು, ಸೇರಿಸಲು, ಮತ್ತೆ ಬರೆಯಲು ಅನುಮತಿ ಕೊಡುವುದೇ ಮುಕ್ತ ಪರವಾನಗಿ. ಯಾವ ವಾಣಿಜ್ಯ ಪ್ರಕಾಶಕರೂ ಸುಲಭವಾಗಿ ಕೊಡದ ಅನುಮತಿ ಅದು.

ಹಲವು ಮೂಲಗಳಿಂದ ಪಾಠ ಆರಿಸುವಾಗ ದೇಶಭೇದವನ್ನೂ ಗಮನಿಸಬೇಕು. ಸಲುಗೆಯಿಂದ ಹಲವರನ್ನು ಒಟ್ಟಿಗೆ 'ನೀವು' ಎನ್ನಲು ಸ್ಪೇನಿನಲ್ಲಿ 'ಬೊಸೋತ್ರೋಸ್' ಇದೆ, ಲ್ಯಾಟಿನ್ ಅಮೆರಿಕದಲ್ಲಿ ಅದರ ಜಾಗದಲ್ಲಿ 'ಉಸ್ತೆದೆಸ್'. ಅರ್ಜೆಂಟೀನಾದಲ್ಲಿ 'ತೂ' ಬದಲಿಗೆ 'ಬೊಸ್'. ಬಸ್ಸಿಗೆ ಮೆಕ್ಸಿಕೊದಲ್ಲಿ 'ಕಾಮಿಯೋನ್', ಕ್ಯೂಬಾದಲ್ಲಿ 'ಗ್ವಾಗ್ವಾ'. ವೈವಿಧ್ಯ ಬೇಕು, ಆದರೆ ಆರಂಭದ ಹಂತದಲ್ಲಿ ಪಾಠಕ್ಕೊಂದು ದೇಶ ಬದಲಾದರೆ ಕಲಿಯುವವರು ತಾವೇ ತಪ್ಪು ಮಾಡುತ್ತಿದ್ದೇವೆಂದು ಅಂಜುತ್ತಾರೆ. ಮಾತನಾಡಲು ಒಂದು ಬಗೆಯನ್ನು ಆರಿಸಿ, ಕೇಳಲು ಎಲ್ಲವನ್ನೂ ಕೊಡಿ. ಯಾವ ಧ್ವನಿ ಯಾವ ದೇಶದ್ದೆಂದು ಪ್ರತಿ ಪಾಠದಲ್ಲೂ ಬರೆಯಿರಿ.

ಇಷ್ಟೆಲ್ಲ ಇದ್ದರೂ ಯಾವ ಮುಕ್ತ ಕಡತವೂ ಕಲಿಯುವವರ ಮಾತಿಗೆ ತಿರುಗಿ ಉತ್ತರಿಸುವುದಿಲ್ಲ. ವಾರಕ್ಕೊಮ್ಮೆಯಾದರೂ ಒಬ್ಬ ಮನುಷ್ಯನೊಂದಿಗೆ ನೇರ ಸಂಭಾಷಣೆ ಇರಲೇಬೇಕು. ಪಠ್ಯಪುಸ್ತಕ ಕೊಳ್ಳದೆ ಉಳಿದ ಹಣವನ್ನು ಇದಕ್ಕೇ ವಿನಿಯೋಗಿಸಿ ಎಂದು ಸಂಸ್ಥೆಗಳಿಗೆ ನಾನು ಒತ್ತಾಯಿಸುತ್ತೇನೆ.

ಕೋರ್ಸ್ ಸಿದ್ಧವಾದ ಮೇಲೆ ಅದನ್ನು ಬರೀ ಪಿಡಿಎಫ್ ಮಾಡಿ ಇಡಬೇಡಿ. ಪಿಡಿಎಫ್ ತಿದ್ದುವುದು ಯಾತನೆ. ತಿದ್ದಲು ಬರುವ ಮೂಲ ಕಡತವನ್ನೇ ಕೊಡಿ. ಎಚ್‌5ಪಿ ಎಂಬ ಮುಕ್ತ ತಂತ್ರಾಂಶದಲ್ಲಿ ಅಭ್ಯಾಸಗಳನ್ನು ಮಾಡಿದ್ದರೆ ಇತರರು ಇಳಿಸಿಕೊಳ್ಳುವ ಸೌಲಭ್ಯವನ್ನು ತೆರೆದಿಡಿ. ತೆಗೆದುಕೊಂಡ ಪ್ರತಿ ತುಣುಕಿನ ಶೀರ್ಷಿಕೆ, ಕರ್ತೃ, ಮೂಲ, ಪರವಾನಗಿ ನಾಲ್ಕನ್ನೂ ಅದರ ಪಕ್ಕದಲ್ಲೇ ನಮೂದಿಸಿ. ತುಳುವಿನಲ್ಲೋ ತೆಲುಗಿನಲ್ಲೋ ಇದೇ ಕೋರ್ಸ್ ಕಟ್ಟಲು ಹೊರಡುವವರಿಗೆ ನಿಮ್ಮ ವಿವರಣೆಗಳನ್ನು ತೆಗೆದು ತಮ್ಮದನ್ನು ಸೇರಿಸಲು ಆಗ ತಡೆಯಿರುವುದಿಲ್ಲ.