ಪಾವಗಡದ ಬಿಸಿಲಲ್ಲಿ ಕೂಲಿಯವರ ಪಾಲೆಷ್ಟು?

ನಮಸ್ಕಾರ. ಸೋಲಾರ್ ಅಂದ ತಕ್ಷಣ ನಾವೆಲ್ಲ ಪರಿಸರದ ಮಾತು ಶುರು ಮಾಡುತ್ತೇವೆ. ಇವತ್ತು ದುಡ್ಡಿನ ಮಾತಾಡೋಣ.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಉರಿಸುವ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದಿಂದ ರೈಲಿನಲ್ಲಿ ಬರಬೇಕು. ಕಲ್ಲಿದ್ದಲಿಗೂ ದುಡ್ಡು, ಸಾಗಾಟಕ್ಕೂ ದುಡ್ಡು. ಉರಿಸಿದರೆ ಮುಗೀತು, ಮುಂದಿನ ತಿಂಗಳು ಮತ್ತೆ ಕೊಡಬೇಕು. ಸೋಲಾರ್‌ನಲ್ಲಿ ಖರ್ಚೆಲ್ಲ ಮೊದಲೇ ಬೀಳುತ್ತದೆ. ಆಮೇಲೆ ಸುಮಾರು 25 ವರ್ಷ ಇಂಧನದ ಬಿಲ್ಲೇ ಇಲ್ಲ. ಆ ಮೊದಲ ಖರ್ಚೂ ಬಹಳ ಇಳಿದಿದೆ. 2010ರ ಕೊನೆಯಲ್ಲಿ ಕೇಂದ್ರ ಸರ್ಕಾರ ಸೋಲಾರ್ ಹರಾಜು ನಡೆಸಿದಾಗ ಯೂನಿಟ್‌ಗೆ 10 ರೂಪಾಯಿಗಿಂತ ಕಡಿಮೆಗೆ ಕರೆಂಟ್ ಕೊಡುತ್ತೇನೆ ಅಂತ ಯಾವ ಕಂಪನಿಯೂ ಕೂಗಲಿಲ್ಲ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದೇ ಯೂನಿಟ್ 2 ರೂಪಾಯಿ 44 ಪೈಸೆಗೆ ಬಂತು. ರಾತ್ರಿ ಕರೆಂಟಿಗೆ ಬೇರೆ ದಾರಿ ಬೇಕು, ಅದಕ್ಕೂ ಖರ್ಚಿದೆ, ಒಪ್ಪುತ್ತೇನೆ. ಆದರೂ ಹಗಲಿನ ಲೆಕ್ಕ ಸ್ಪಷ್ಟವಾಗಿದೆ.

ಈಗ ಪಾವಗಡಕ್ಕೆ ಬರೋಣ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚರ್ಲು, ಕ್ಯಾತಗಾನಚರ್ಲು. ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಯಿತು. ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ನೆಲ ಅದು. ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲ ಮಾಡಿಕೊಂಡ ಸೀಮೆ.

ಅಲ್ಲಿ ಮಾಡಿದ ಒಂದು ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಜಮೀನನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಶುರುವಿನಲ್ಲಿ ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಐದು ಎಕರೆ ಇದ್ದರೆ ಒಂದು ಲಕ್ಷದ ಐದು ಸಾವಿರ, ಮಳೆ ಬಂದರೂ ಬರದಿದ್ದರೂ. ಬರದ ನಾಡಿನಲ್ಲಿ ಗ್ಯಾರಂಟಿ ಇರುವ ಆದಾಯ ಅಂದರೆ ಎಷ್ಟು ದೊಡ್ಡ ಮಾತು ಅಂತ ಒಕ್ಕಲುತನ ಮಾಡಿದವರಿಗೆ ಗೊತ್ತು.

ಆದರೆ ಒಪ್ಪಂದವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಗುತ್ತಿಗೆ 28 ವರ್ಷದ್ದು. ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರುತ್ತದೆ. ಕ್ಯಾಲ್ಕುಲೇಟರ್ ಹಿಡಿದು ಕೂತರೆ, 28ನೇ ವರ್ಷಕ್ಕೂ ಅದು ಎಕರೆಗೆ 40,000 ಮುಟ್ಟುವುದಿಲ್ಲ. ಅಕ್ಕಿ, ಎಣ್ಣೆ, ಮಕ್ಕಳ ಫೀಸು ಈ ವೇಗದಲ್ಲಿ ಏರುತ್ತವಾ? ಇಲ್ಲ ಅಲ್ವಾ. ಅಂದರೆ ಕೈಗೆ ಬರುವ ನೋಟು ಜಾಸ್ತಿಯಾಗುತ್ತದೆ, ಅದರಲ್ಲಿ ಕೊಳ್ಳುವ ಸಾಮಾನು ಕಡಿಮೆಯಾಗುತ್ತಾ ಹೋಗುತ್ತದೆ.

ಇನ್ನು ಪಹಣಿಯೇ ಇಲ್ಲದವರು. ಬೇರೆಯವರ ಹೊಲದಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು ಬದುಕುತ್ತಿದ್ದ ಹೆಂಗಸರು. ಕುರಿ ಮೇಯಿಸುತ್ತಿದ್ದವರು. ಹೊಲ ಹೋದಾಗ ಅವರ ಕೂಲಿಯೂ ಹೋಯಿತು, ಬಾಡಿಗೆ ಮಾತ್ರ ಅವರಿಗೆ ಬರಲಿಲ್ಲ. ಪಾರ್ಕ್‌ನಲ್ಲಿ ಪ್ಯಾನೆಲ್ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು. ಅಷ್ಟು ಎಕರೆಗೆ ಅದು ಏನೇನೂ ಸಾಲದು. ಇದನ್ನು ಹೇಳಿದರೆ ಸೋಲಾರ್ ವಿರೋಧಿ ಅನ್ನುತ್ತಾರೆ. ಸೋಲಾರ್ ಬೇಕು ಅನ್ನುವವರೇ ಮೊದಲು ಈ ಮಾತು ಎತ್ತಬೇಕು. ಊರಿನ ಬಡವರಿಗೆ ಲಾಭ ಕಾಣದ ಯೋಜನೆಗೆ ಮುಂದಿನ ಊರಿನವರು ಜಮೀನು ಯಾಕೆ ಕೊಡುತ್ತಾರೆ?

ನನ್ನ ಸಲಹೆ ಇಷ್ಟು. ಕಡಿಮೆ ಅಂತಲೇ ಲೆಕ್ಕ ಹಾಕಿದರೂ 2,050 ಮೆಗಾವ್ಯಾಟ್‌ನಿಂದ ವರ್ಷಕ್ಕೆ 350 ಕೋಟಿ ಯೂನಿಟ್ ಬರುತ್ತದೆ. ಯೂನಿಟ್‌ಗೆ ಒಂದೇ ಒಂದು ಪೈಸೆ ತೆಗೆದಿಟ್ಟರೆ ಮೂರೂವರೆ ಕೋಟಿ ರೂಪಾಯಿ. ಪ್ರತಿ ವರ್ಷ, ಐದೇ ಊರಿಗೆ. ಭೂಮಿ ಇಲ್ಲದ ಮನೆಗಳಿಗೆ ಮೊದಲ ಪಾಲು ಅಂತ ಒಪ್ಪಂದದಲ್ಲೇ ಬರೆಯಲಿ. ಒಂದು ಪೈಸೆಗೆ ಯಾವ ಕಂಪನಿಯೂ ಮುಳುಗುವುದಿಲ್ಲ.

ಪಾರ್ಕ್ ವಿಸ್ತರಿಸುವ ಮಾತು ಸರ್ಕಾರದಿಂದ ಬಂದಿದೆ. ನಿಮ್ಮ ಊರಿಗೂ ಗುತ್ತಿಗೆ ಪತ್ರ ಹಿಡಿದು ಯಾರಾದರೂ ಬಂದರೆ, ಸಹಿ ಹಾಕುವ ಮೊದಲು ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳಿ. ಬಾಡಿಗೆ ಬೆಲೆ ಏರಿಕೆಗೆ ತಕ್ಕಂತೆ ಏರುತ್ತದೆಯೇ? ಪಹಣಿ ಇಲ್ಲದವರಿಗೆ ಎಷ್ಟು?