ಬಡವರ ಹೆಸರು ಉಳಿಸಿದ ಪೆಟ್ಟಿಗೆ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಒಂದು ಹಳ್ಳಿ. ಮುನ್ನೂರು ವರ್ಷದ ಹಿಂದೆ ಅಲ್ಲೊಬ್ಬ ಕೂಲಿಯವನಿದ್ದ ಅಂದುಕೊಳ್ಳಿ. ಅವನಿಗೆ ಜಮೀನಿಲ್ಲ, ಓದುಬರಹವಿಲ್ಲ. ಉಯಿಲು ಬರೆಯುವಷ್ಟು ಆಸ್ತಿಯಿಲ್ಲ. ಸತ್ತ ಮೇಲೆ ತಲೆದೆಸೆಯಲ್ಲಿ ಒಂದು ಕಲ್ಲೂ ಇಲ್ಲ. ಇಂಥವನ ಮರಿಮಕ್ಕಳ ಮಕ್ಕಳು ಇವತ್ತು ಹುಡುಕಲು ಹೊರಟರೆ ಏನಾದರೂ ಸಿಕ್ಕೀತೇ? ಸಿಗುತ್ತದೆ. ಎಷ್ಟೋ ಸಲ ಅದೇ ಊರಿನ ಅನುಕೂಲಸ್ಥನಿಗಿಂತ ಜಾಸ್ತಿ ವಿವರ ಇವನದೇ ಸಿಗುತ್ತದೆ. ಅದು ಹೇಗೆ ಅನ್ನುವುದೇ ಇವತ್ತಿನ ನನ್ನ ಮಾತು.

ಉತ್ತರ ಇರುವುದು ಪ್ಯಾರಿಷ್ಷಿನ ಕಾಗದಗಳಲ್ಲಿ. ಮೊದಲು ಪ್ಯಾರಿಷ್ ಅಂದರೆ ಏನು ನೋಡೋಣ. ಒಂದು ಚರ್ಚು, ಅದಕ್ಕೆ ಸೇರಿದ ಊರು, ಸುತ್ತಲಿನ ಹೊಲ, ಅಕ್ಕಪಕ್ಕದ ಒಂದೆರಡು ಸಣ್ಣ ಹಳ್ಳಿ. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಒಂದು ಆಜ್ಞೆ ಹೊರಡಿಸಿದ. ಪ್ರತಿ ಪ್ಯಾರಿಷ್ ಒಂದು ಪುಸ್ತಕ ಇಡಬೇಕು. ವಾರದಲ್ಲಿ ಆದ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು, ಎಲ್ಲವನ್ನೂ ಭಾನುವಾರ ಪಾದ್ರಿ ಅದರಲ್ಲಿ ಬರೆಯಬೇಕು. ಪುಸ್ತಕಕ್ಕೆ ಎರಡು ಬೀಗದ ಪೆಟ್ಟಿಗೆ. ಒಂದು ಕೀಲಿ ಪಾದ್ರಿಯ ಹತ್ತಿರ, ಇನ್ನೊಂದು ಚರ್ಚಿನ ಆಡಳಿತ ನೋಡಿಕೊಳ್ಳುವ ಊರಿನ ವಾರ್ಡನ್ನರ ಹತ್ತಿರ. ಇದೆಲ್ಲ ಹೊಸ ತೆರಿಗೆ ಹಾಕುವ ಹುನ್ನಾರ ಅಂತ ಜನ ಹೆದರಿದರು. ಆಗ ಬರೆದ ಕಾಗದದ ಪುಸ್ತಕಗಳಲ್ಲಿ ಎಷ್ಟೋ ಹಾಳಾದವು. 1598ರಲ್ಲಿ ಹಳೆಯದನ್ನೆಲ್ಲ ಚರ್ಮದ ಹಾಳೆಗೆ ಇಳಿಸಿ ಅಂತ ಅಪ್ಪಣೆಯಾಯಿತು. ವರ್ಷವರ್ಷವೂ ಒಂದು ನಕಲು ಬಿಷಪ್ಪರಿಗೆ ಹೋಗಬೇಕು ಅಂತಲೂ ಆಯಿತು. ಊರಿನ ಪುಸ್ತಕ ಇಲಿ ತಿಂದು ಹೋಗಿದ್ದರೆ ಇವತ್ತು ಕೈಹಿಡಿಯುವುದು ಆ ನಕಲೇ.

ಈ ಪುಸ್ತಕ ಓದುವಾಗ ತಾರೀಕಿನ ಬಗ್ಗೆ ಹುಷಾರಾಗಿರಬೇಕು. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1720ರ ಜೂನ್‌ನಲ್ಲಿ ಮದುವೆ, 1720ರ ಫೆಬ್ರವರಿಯಲ್ಲಿ ಮಗುವಿನ ದೀಕ್ಷಾಸ್ನಾನ ಅಂತ ಬರೆದಿದ್ದರೆ ಅವಸರದಲ್ಲಿ ಏನೇನೋ ಊಹಿಸಬೇಡಿ. ಫೆಬ್ರವರಿ ಬಂದದ್ದು ಜೂನ್ ಆದ ಮೇಲೆಯೇ, ಎಂಟು ತಿಂಗಳು ಕಳೆದು. ಅಕ್ಷರದ ವಿಷಯವೂ ಹಾಗೆಯೇ. ಪಾದ್ರಿ ಕಿವಿಗೆ ಬಿದ್ದ ಹಾಗೆ ಹೆಸರು ಬರೆಯುತ್ತಿದ್ದ. ಒಂದೇ ಮನೆತನದ ಹೆಸರು ಒಂದೇ ಪುಟದಲ್ಲಿ ಎರಡು ಥರ ಇರುವುದು ಮಾಮೂಲು.

1754ರಿಂದ ಮದುವೆಯ ದಾಖಲೆಗೆ ಗಂಡು, ಹೆಣ್ಣು ಇಬ್ಬರೂ ಸಹಿ ಹಾಕಬೇಕಾಯಿತು. ಬರೆಯಲು ಬಾರದವರು ಒಂದು ಗೀಟು ಹಾಕುತ್ತಿದ್ದರು, ಓರೆಯಾಗಿ ಇನ್ನೊಂದು. ಹಾಗೆ ಗೀಟು ಹಾಕಿದ ಒಬ್ಬ ಮದುಮಗಳನ್ನು ನೆನೆಯಿರಿ. ಗೀಟಿನ ಎರಡೂ ಬದಿಗೆ ಅವಳ ಹೆಸರನ್ನು ಪಾದ್ರಿ ತನ್ನ ನಯವಾದ ಕೈಬರಹದಲ್ಲಿ ತುಂಬುತ್ತಿದ್ದ. ನಡುವಿನ ಗೀಟುಗಳು ಮಾತ್ರ ನಡುಗಿರುತ್ತವೆ, ಶಾಯಿ ಚೆಲ್ಲಿರುತ್ತದೆ. ಆ ಹೆಣ್ಣುಮಗಳು ಬದುಕಿನಲ್ಲಿ ಪೆನ್ನು ಹಿಡಿದದ್ದು ಅದೊಂದೇ ಸಲ ಇದ್ದರೂ ಇದ್ದೀತು.

ಆದರೆ ಈ ಪುಸ್ತಕ ಕೊಡುವುದು ಹೆಸರು, ತಾರೀಕು, ಅಷ್ಟೇ. ಅದೇ ಪೆಟ್ಟಿಗೆಯಲ್ಲಿದ್ದ ಬೇರೆ ಕಾಗದಗಳಲ್ಲಿ ಬದುಕೇ ಇದೆ. ಬಡವರನ್ನು ನೋಡಿಕೊಳ್ಳುವ ಖರ್ಚು ಆಗ ಪ್ಯಾರಿಷ್ಷಿನ ತಲೆಯ ಮೇಲಿತ್ತು. ಊರಿನವರೇ ತೆರಿಗೆ ಕೊಟ್ಟು ಸಾಕಬೇಕು. ಹಾಗಾಗಿ ಬೇರೆ ಊರಿನ ಬಡವ ಬಂದರೆ ಇವನು ಯಾರ ಪಾಲಿನವನು ಅನ್ನುವುದೇ ಮೊದಲ ಪ್ರಶ್ನೆ. 1662ರ ಕಾನೂನು ಅಂಥವನನ್ನು ಅವನ ಊರಿಗೆ ಅಟ್ಟುವ ಅಧಿಕಾರ ಕೊಟ್ಟಿತು. ಅಟ್ಟುವ ಮೊದಲು ನ್ಯಾಯಾಧೀಶರ ಮುಂದೆ ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದರು. ಎಲ್ಲಿ ಹುಟ್ಟಿದೆ? ಯಾರ ಹತ್ತಿರ ಕೆಲಸ ಕಲಿತೆ? ಯಾರ ತೋಟದಲ್ಲಿ ಪೂರಾ ಒಂದು ವರ್ಷ ಜೀತಕ್ಕಿದ್ದೆ? ಸಂಬಳ ಎಷ್ಟು? ಯಾವ ಚರ್ಚಿನಲ್ಲಿ ಮದುವೆ? ಮಕ್ಕಳ ಹೆಸರೇನು, ವಯಸ್ಸೆಷ್ಟು? ಹೇಳಿದ್ದನ್ನೆಲ್ಲ ಗುಮಾಸ್ತ ಬರೆದುಕೊಳ್ಳುತ್ತಿದ್ದ. ಕೆಳಗೆ ಮತ್ತೆ ಅದೇ ಗೀಟು.

ಒಂದು ವರ್ಷ ದುಡಿದರೆ ಆ ಊರಿನ ಹಕ್ಕು ಬರುತ್ತಿತ್ತು. ಅದನ್ನು ತಪ್ಪಿಸಲು 51 ವಾರಕ್ಕೆ ಮಾತ್ರ ಕೆಲಸ ಕೊಡುವ ಯಜಮಾನರಿದ್ದರು. ಇದನ್ನು ಓದುವಾಗ ಸಂಕಟವಾಗುತ್ತದೆ. ಒಬ್ಬ ಮನುಷ್ಯನನ್ನು ಹೊರದಬ್ಬಲು ಬರೆಸಿದ ಕಾಗದ ಅದು. ಇವತ್ತು ಅವನ ಮಾತು ಉಳಿದಿರುವುದು ಅದೊಂದರಲ್ಲೇ.

ಮದುವೆಯಾಗದೆ ಬಸಿರಾದ ಹೆಣ್ಣುಮಕ್ಕಳನ್ನೂ ಹೀಗೇ ಕೇಳುತ್ತಿದ್ದರು. ತಂದೆ ಯಾರೆಂದು ಗೊತ್ತಾದರೆ ಮಗುವಿನ ಖರ್ಚು ಅವನ ಮೇಲೆ ಹಾಕಬಹುದಲ್ಲ! ಅಂಥ ಪತ್ರ ಸಿಗದೇ ಹೋದರೂ ಕೆಲವು ಸಲ ಹೆಸರೇ ಸುಳಿವು ಕೊಡುತ್ತದೆ. ಆಗ ನಾರ್ಥಾಂಪ್ಟನ್‌ಷೈರಿಗೆ ಸೇರಿದ್ದ ಹೆಲ್ಪ್‌ಸ್ಟನ್ ಹಳ್ಳಿಯಲ್ಲಿ 1793ರಲ್ಲಿ ಹುಟ್ಟಿದ ಕವಿ ಜಾನ್ ಕ್ಲೇರ್ ಇದಕ್ಕೆ ಒಳ್ಳೆಯ ಉದಾಹರಣೆ. ಅವನ ತಂದೆ ಕಣದಲ್ಲಿ ಕಾಳು ಬಡಿಯುವ ಕೂಲಿ, ಹೆಸರು ಪಾರ್ಕರ್ ಕ್ಲೇರ್. ಕ್ಲೇರ್ ಅನ್ನುವುದು ಈ ಪಾರ್ಕರನ ತಾಯಿ ಆಲಿಸಳ ಮನೆತನ. ಪಾರ್ಕರ್ ಅನ್ನುವುದು ಊರೂರು ಅಲೆಯುತ್ತ ಬಂದ ಒಬ್ಬ ಸ್ಕಾಟ್‌ಲೆಂಡಿನ ಮೇಷ್ಟರ ಮನೆತನ. ಆಲಿಸ್ ಬಸಿರೆಂದು ಗೊತ್ತಾದ ಮೇಲೆ ಆತ ಊರು ಬಿಟ್ಟು ಹೋದ. ಅವಳು ಆ ಚರ್ಚಿನ ಗುಮಾಸ್ತನ ಮಗಳೇ. ಬಿಟ್ಟು ಹೋದವನ ಹೆಸರನ್ನು ಮಗುವಿಗೆ ಇಟ್ಟಳು. ಪ್ಯಾರಿಷ್ ಪುಸ್ತಕಗಳಲ್ಲಿ ಮನೆತನದ ಹೆಸರಿನಂಥದ್ದು ಮಗುವಿನ ಮೊದಲ ಹೆಸರಾಗಿ ಬಂದರೆ ಅಲ್ಲೊಂದು ಕ್ಷಣ ನಿಲ್ಲಬೇಕು.

1837ರ ಜುಲೈನಿಂದ ಸರ್ಕಾರವೇ ಜನನ, ಮರಣ ಬರೆಯತೊಡಗಿತು. 1851ರ ಜನಗಣತಿಯಲ್ಲಿ ಪ್ರತಿಯೊಬ್ಬರೂ ಹುಟ್ಟಿದ ಪ್ಯಾರಿಷ್ ಯಾವುದೆಂದು ಇದೆ. ಹುಡುಕುವವರು ಅಲ್ಲಿಂದ ಹಿಡಿದು ಹಿಂದಕ್ಕೆ ಹೋಗುತ್ತಾರೆ. ಹಳೆಯ ಪೆಟ್ಟಿಗೆಗಳ ಕಾಗದ ಈಗ ಹೆಚ್ಚಾಗಿ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ದಾಖಲೆ ಕಚೇರಿಗಳಲ್ಲಿದೆ. ಎಷ್ಟೋ ಪುಸ್ತಕಗಳನ್ನು ಹವ್ಯಾಸಿಗಳು ಕಾಸು ಪಡೆಯದೆ ಸಾಲುಸಾಲಾಗಿ ಓದಿ ಅಂತರ್ಜಾಲಕ್ಕೆ ಏರಿಸಿದ್ದಾರೆ. ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಇದು ನಮಗೆ ಪೂರಾ ಹೊರಗಿನ ವಿಷಯವೂ ಅಲ್ಲ. ಕೋಲಾರದ ಚಿನ್ನದ ಗಣಿಗೆ 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಜೊತೆ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಬಂದರು. ಕೆಲವರು ಇಲ್ಲೇ ಮಣ್ಣಾದರು, ಕೆಲವರ ಸಂಸಾರ ಇಲ್ಲೇ ಬೆಳೆಯಿತು. ಅಂಥ ಮನೆಯವರು ಯಾರಾದರೂ ಈ ಮಾತು ಕೇಳುತ್ತಿದ್ದರೆ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ, ಬ್ರಿಟಿಷರು ಭಾರತ ಆಳಿದ ಕಾಲದ ಇಂಡಿಯಾ ಆಫೀಸ್ ದಾಖಲೆಗಳಿಂದ ಶುರುಮಾಡಿ. ಬೆಂಗಳೂರು ಕಡೆಯ ದೀಕ್ಷಾಸ್ನಾನ, ಮದುವೆ, ಮರಣಗಳು ಅಲ್ಲಿ ಮದ್ರಾಸಿನ ಸರಣಿಯಲ್ಲಿವೆ. ಅಲ್ಲಿ ಅಜ್ಜನ ತಂದೆಯ ಹೆಸರು, ವಯಸ್ಸು ಸಿಕ್ಕಿದರೆ ಕಾರ್ನ್‌ವಾಲಿನ ರೆಡ್‌ರೂತ್ ಊರಿನ ದಾಖಲೆ ಕೇಂದ್ರ ಕ್ರೆಸೆನ್ ಕೆರ್ನೊವ್‌ಗೆ ಬರೆಯಿರಿ. ಪ್ಯಾರಿಷ್ ಪುಸ್ತಕದಲ್ಲಿ ಹೆಸರು ಕಾಣಲಿಲ್ಲ ಅಂತ ಅಲ್ಲಿಗೇ ಬಿಡಬೇಡಿ. ಕಾರ್ನ್‌ವಾಲಿನ ಗಣಿಗಾರರಲ್ಲಿ ಮೆಥೊಡಿಸ್ಟರು, ಅಂದರೆ ಇಂಗ್ಲೆಂಡಿನ ಚರ್ಚಿನಿಂದ ಬೇರೆಯಾದ ಕ್ರೈಸ್ತ ಪಂಗಡದವರು, ಬಹಳ. ಮಗುವನ್ನು ಊರ ಚರ್ಚಿಗೆ ಒಯ್ಯದೆ ತಮ್ಮ ಪ್ರಾರ್ಥನಾಲಯಕ್ಕೇ ಒಯ್ದಿರಬಹುದು. ಆ ಪುಸ್ತಕಗಳನ್ನು ಬೇರೆಯಾಗಿಯೇ ಕೇಳಬೇಕು.

ನಮಸ್ಕಾರ.