ಅಫೆರೆಸಿಸ್ ನರ್ಸಿಂಗ್: ಯಂತ್ರ ಆನ್ ಮಾಡುವ ಮೊದಲು ಕಲಿಯಬೇಕಾದ್ದು

ಎಲ್ಲರಿಗೂ ನಮಸ್ಕಾರ.

ಅಫೆರೆಸಿಸ್ ಎಂದರೆ ರಕ್ತವನ್ನು ಯಂತ್ರದಲ್ಲಿ ಬೇರ್ಪಡಿಸಿ, ಬೇಕಾದ ಭಾಗ ತೆಗೆದು ಉಳಿದದ್ದನ್ನು ವಾಪಸ್ ಕೊಡುವುದು. ಬೆಂಗಳೂರಿನಲ್ಲಿ ಈ ಯಂತ್ರ ಮುಖ್ಯವಾಗಿ ಮೂರು ಕಡೆ ಓಡುತ್ತದೆ. ಡೆಂಗಿ ಕಾಲದಲ್ಲಿ ರಕ್ತನಿಧಿಗಳಲ್ಲಿ ಪ್ಲೇಟ್‌ಲೆಟ್ ತೆಗೆಯಲು, ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಕಸಿಗಾಗಿ ಕಾಂಡಕೋಶ ಸಂಗ್ರಹಿಸಲು, ನರರೋಗ ಮತ್ತು ಕಿಡ್ನಿ ವಿಭಾಗಗಳಲ್ಲಿ ಪ್ಲಾಸ್ಮಾ ಬದಲಿಸಲು. ಸೆಂಟ್ರಿಫ್ಯೂಜ್ ಮಾಡುವ ಕೆಲಸ ಎಲ್ಲ ಕಡೆಯೂ ಒಂದೇ. ಭಾರದ ಕೆಂಪುಕಣ ಹೊರ ಅಂಚಿಗೆ, ಹಗುರವಾದ ಪ್ಲಾಸ್ಮಾ ಒಳಕ್ಕೆ, ನಡುವಿನ ತೆಳು ಪದರದಲ್ಲಿ ಬಿಳಿಕಣ ಮತ್ತು ಪ್ಲೇಟ್‌ಲೆಟ್. ಬದಲಾಗುವುದು ಲೈನಿನ ಇನ್ನೊಂದು ತುದಿಯಲ್ಲಿರುವ ವ್ಯಕ್ತಿ. ಕಿಟ್ (ಟ್ಯೂಬ್‌ಗಳ ಸೆಟ್) ಹಾಕುವುದು, ಪ್ರೈಮ್ ಮಾಡುವುದು (ಅದರಲ್ಲಿ ಮೊದಲೇ ದ್ರವ ತುಂಬಿಸುವುದು) ಒಂದು ವಾರದಲ್ಲಿ ಕೈಗೆ ಬರುತ್ತದೆ. ಅಷ್ಟಕ್ಕೇ ತರಬೇತಿ ಮುಗಿಯಿತೆಂದು ಪ್ರಮಾಣಪತ್ರ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಮೊದಲ ಪಾಠ ಲೆಕ್ಕದ್ದು. ಪ್ಲಾಸ್ಮಾ ಬದಲಿಸಬೇಕಾದ ರೋಗಿ 60 ಕೆ.ಜಿ. ತೂಕದ ಮಹಿಳೆ ಎಂದುಕೊಳ್ಳಿ. ಕೆ.ಜಿ.ಗೆ 65 ಮಿ.ಲೀ.ನಂತೆ ಒಟ್ಟು ರಕ್ತ 3900 ಮಿ.ಲೀ. ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 28 ಇದ್ದರೆ ಉಳಿದ 72 ಭಾಗ ಪ್ಲಾಸ್ಮಾ, ಅಂದರೆ 2808 ಮಿ.ಲೀ. ಈಗ ಮೂರು ದಿನ ಹಳೆಯ ರಿಪೋರ್ಟ್ ನೋಡಿ ಹೆಮಟೊಕ್ರಿಟ್ 38 ಎಂದು ಹಾಕಿದರೆ? ಲೆಕ್ಕ 2418ಕ್ಕೆ ಇಳಿಯುತ್ತದೆ. 390 ಮಿ.ಲೀ. ಕಡಿಮೆ ಚಿಕಿತ್ಸೆ! ಯಂತ್ರ ಅಲಾರಂ ಕೊಡುವುದಿಲ್ಲ. ನೀವು ಕೊಟ್ಟ ಅಂಕಿಯನ್ನೇ ಅದು ನಂಬುತ್ತದೆ. ಒಂದು ಪ್ಲಾಸ್ಮಾ ಪ್ರಮಾಣ ಬದಲಿಸಿದರೆ ರಕ್ತನಾಳದೊಳಗಿನ, ರೋಗ ತರುವ ಪ್ರತಿಕಾಯದಲ್ಲಿ ಸುಮಾರು ಶೇ. 63 ಹೋಗುತ್ತದೆ, ಒಂದೂವರೆ ಪಟ್ಟು ಬದಲಿಸಿದರೆ ಶೇ. 78ರಷ್ಟು. ಐಜಿಜಿ ಎಂಬ ಬಗೆಯ ಪ್ರತಿಕಾಯದ ಅರ್ಧಕ್ಕೂ ಹೆಚ್ಚು ಭಾಗ ರಕ್ತನಾಳದ ಹೊರಗಿರುವುದರಿಂದ ಮರುದಿನದೊಳಗೆ ಮತ್ತೆ ಒಳಕ್ಕೆ ಬರುತ್ತದೆ. ದಿನ ಬಿಟ್ಟು ದಿನ ಮಾಡುವುದು ಅದಕ್ಕೇ.

ಎರಡನೆಯದು ತೆಗೆದ ಪ್ಲಾಸ್ಮಾದ ಜಾಗಕ್ಕೆ ಕೊಡುವ ಬದಲಿ ದ್ರವ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 20ರ ಆಲ್ಬುಮಿನ್ (ಪ್ಲಾಸ್ಮಾದ ಮುಖ್ಯ ಪ್ರೋಟೀನ್), 100 ಮಿ.ಲೀ. ಬಾಟಲಿ. ಅದನ್ನು ಶೇ. 5ಕ್ಕೆ ಇಳಿಸಲು ಒಂದು ಬಾಟಲಿಗೆ 300 ಮಿ.ಲೀ. ನಾರ್ಮಲ್ ಸಲೈನ್ ಸೇರಿಸಬೇಕು. ಮೇಲಿನ ರೋಗಿಗೆ ಏಳು ಬಾಟಲಿ ಬೇಕು. ಸಲೈನ್ ಬದಲು ಸ್ಟೆರೈಲ್ ವಾಟರ್ ಸೇರಿಸಿದರೆ ದ್ರಾವಣ ತೆಳುವಾಗಿ ಕೆಂಪುಕಣಗಳು ಒಡೆಯುತ್ತವೆ. ಪ್ಲಾಸ್ಮಾ ಲೈನ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ತಕ್ಷಣ ನಿಲ್ಲಿಸಿ. ಕಿಟ್‌ನಲ್ಲಿರುವ ರಕ್ತವನ್ನು ವಾಪಸ್ ಕೊಡಬೇಡಿ. ಟ್ಯೂಬ್ ಮಡಚಿದ್ದರೂ ಹೀಗಾಗಬಹುದು, ಅದನ್ನೂ ನೋಡಿ. ಟಿಟಿಪಿ (ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ) ರೋಗಿಗೆ ಆಲ್ಬುಮಿನ್ ಸಾಲದು, ಅವರಲ್ಲಿ ಕೊರತೆಯಿರುವ ಕಿಣ್ವ ದಾನಿಗಳ ಫ್ರೆಶ್ ಫ್ರೋಜನ್ ಪ್ಲಾಸ್ಮಾದಲ್ಲಿದೆ.

ಇನ್ನು ಸಿಟ್ರೇಟ್. ಇದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ರಕ್ತ ಹೆಪ್ಪುಗಟ್ಟದಿರಲು ಹಾಕುವ ಎಸಿಡಿ-ಎ ದ್ರಾವಣದ ಸಿಟ್ರೇಟ್, ರಕ್ತದಲ್ಲಿ ಬಿಡಿಯಾಗಿರುವ (ಅಯಾನಿಕ) ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಟ್‌ಲೆಟ್ ದಾನಿಗೆ ಮೊದಲು ತುಟಿ ಸುತ್ತ, ಆಮೇಲೆ ಬೆರಳ ತುದಿಯಲ್ಲಿ ಜುಮುಜುಮು. ತಾವಾಗಿ ಹೇಳಲಿ ಎಂದು ಕಾಯಬೇಡಿ, ಹತ್ತು ನಿಮಿಷಕ್ಕೊಮ್ಮೆ ನೀವೇ ಕೇಳಿ: "ತುಟಿ ಜುಮ್ ಅಂತಿದೆಯಾ ಸಾರ್?" ಹೌದೆಂದರೆ ವೇಗ ಇಳಿಸಿ, ಕ್ಯಾಲ್ಸಿಯಂ ಮಾತ್ರೆ ಕೊಡಿ. ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ.

ಆದರೆ ಗಿಲಾನ್-ಬಾರೆ (ದೇಹವೇ ತನ್ನ ನರಗಳ ಮೇಲೆ ದಾಳಿ ಮಾಡುವ ಕಾಯಿಲೆ) ರೋಗಿಯ ಮುಂದೆ ಈ ಪ್ರಶ್ನೆಗೆ ಬೆಲೆಯಿಲ್ಲ. ಜುಮುಗುಡುವುದು ಅವರ ಕಾಯಿಲೆಯದೇ ಲಕ್ಷಣ. ಮುಖದ ಸ್ನಾಯು ಸೋತಿರಬಹುದು, ಬಾಯಲ್ಲಿ ವೆಂಟಿಲೇಟರ್ ಟ್ಯೂಬ್ ಇರಬಹುದು. ಜೊತೆಗೆ ಆ ರೋಗದಲ್ಲಿ ಬಿಪಿ ತಾನಾಗಿಯೇ ಏರಿಳಿಯುತ್ತದೆ. ಆಗ ಮಾನಿಟರ್‌ನಲ್ಲಿ ಇಸಿಜಿಯ ಕ್ಯೂಟಿ ಅಂತರ ಉದ್ದವಾಗುತ್ತಿದೆಯೇ ನೋಡಬೇಕು, ಬ್ಲಡ್ ಗ್ಯಾಸ್ ಯಂತ್ರದಲ್ಲಿ ಅಯಾನಿಕ ಕ್ಯಾಲ್ಸಿಯಂ ಅಳೆಯಬೇಕು. ಶೇ. 10ರ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ.ನಲ್ಲಿ ಕ್ಯಾಲ್ಸಿಯಂ ಇರುವುದು ಸುಮಾರು 93 ಮಿ.ಗ್ರಾಂ. ವೈದ್ಯರ ಆದೇಶದಂತೆ ಹತ್ತು ನಿಮಿಷದಲ್ಲಿ ನಿಧಾನಕ್ಕೆ ಕೊಡಬೇಕು. ಅದನ್ನು ಬದಲಿ ಪ್ಲಾಸ್ಮಾ ಹೋಗುವ ಲೈನಿನಲ್ಲಿ ಸೇರಿಸಿದರೆ ಲೈನ್‌ನಲ್ಲೇ ಹೆಪ್ಪುಗಟ್ಟುತ್ತದೆ. ಫ್ರೆಶ್ ಫ್ರೋಜನ್ ಪ್ಲಾಸ್ಮಾದಲ್ಲೇ ಸಿಟ್ರೇಟ್ ಇರುವುದರಿಂದ ಟಿಟಿಪಿಯಲ್ಲೂ, ಲಿವರ್ ಸೋತವರಲ್ಲೂ ತೊಂದರೆ ಬೇಗ ಕಾಣಿಸಿಕೊಳ್ಳುತ್ತದೆ.

ಔಷಧಿ ಹಾಳೆ ಓದುವುದೂ ಪಾಠದ ಭಾಗ. ರಾಮಿಪ್ರಿಲ್, ಎನಾಲಾಪ್ರಿಲ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಆಲ್ಬುಮಿನ್ ಹೋಗುತ್ತಿದ್ದಂತೆ ಮುಖ ಕೆಂಪಾಗಿ ಬಿಪಿ ಕುಸಿಯಬಹುದು, ರಕ್ತನಾಳ ಹಿಗ್ಗಿಸುವ ಬ್ರಾಡಿಕೈನಿನ್ ಒಡೆಯದೆ ಉಳಿಯುವುದೇ ಕಾರಣ. 24ರಿಂದ 48 ಗಂಟೆ ಮೊದಲೇ ನಿಲ್ಲಿಸುವ ಬಗ್ಗೆ ವೈದ್ಯರನ್ನು ಕೇಳಿ. ಬೆಳಗಿನ ಔಷಧಿಗಳನ್ನು ಆದಷ್ಟೂ ಪ್ರಕ್ರಿಯೆ ಮುಗಿದ ಮೇಲೆ ಕೊಡಬೇಕು. ಐವಿಐಜಿ (ರಕ್ತನಾಳಕ್ಕೆ ಕೊಡುವ ಪ್ರತಿಕಾಯಗಳ ಔಷಧಿ) ಕೊಟ್ಟು ಮರುದಿನ ಪ್ಲಾಸ್ಮಾ ಬದಲಿಸಿದರೆ ದುಬಾರಿ ಔಷಧಿ ತ್ಯಾಜ್ಯದ ಚೀಲಕ್ಕೆ ಹೋಯಿತೆಂದೇ ಅರ್ಥ.

ಲೈನ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸಾಮಾನ್ಯ ಟ್ರಿಪಲ್ ಲ್ಯೂಮೆನ್ (ಮೂರು ಒಳದಾರಿಗಳ) ಕ್ಯಾತಿಟರ್ ಈ ಎಳೆತಕ್ಕೆ ಮುಚ್ಚಿಕೊಳ್ಳುತ್ತದೆ, ಡಯಾಲಿಸಿಸ್‌ನದೇ ಗಟ್ಟಿ ಕ್ಯಾತಿಟರ್ ಬೇಕು. ಒತ್ತಡದ ಅಲಾರಂ ಬಂದಾಗ ಮೊದಲು ಕ್ಲ್ಯಾಂಪ್, ಮಡಿಕೆ, ರೋಗಿ ಮಲಗಿರುವ ರೀತಿ ನೋಡಿ, ಆಮೇಲೆ ವೇಗ ಇಳಿಸಿ. ಎರಡು ಲ್ಯೂಮೆನ್ ಅದಲುಬದಲು ಮಾಡಿದರೆ ಅಲಾರಂ ನಿಲ್ಲಬಹುದು, ಆದರೆ ಶುದ್ಧವಾದ ರಕ್ತವೇ ಮತ್ತೆ ಯಂತ್ರಕ್ಕೆ ಬರುತ್ತದೆ. ಶುರು ಮಾಡುವ ಮೊದಲು ಹೆಪಾರಿನ್ ಲಾಕ್ (ಹೆಪ್ಪುಗಟ್ಟದಂತೆ ಕ್ಯಾತಿಟರ್‌ನಲ್ಲಿ ತುಂಬಿಟ್ಟ ಔಷಧಿ) ಹೊರಗೆ ಎಳೆದು ಬಿಸಾಡಬೇಕು. ಮಕ್ಕಳಲ್ಲಿ ದೇಹದ ಹೊರಗಿರುವ ರಕ್ತ ಒಟ್ಟು ರಕ್ತದ ಶೇ. 15 ದಾಟುವಂತಿದ್ದರೆ ಕೆಂಪುಕಣದಿಂದ ಪ್ರೈಮ್ ಮಾಡುತ್ತೇವೆ.

ದಾನಿಗಳ ಬಗ್ಗೆ ಒಂದು ಮಾತು. ಪ್ಲೇಟ್‌ಲೆಟ್ ಎಣಿಕೆ ಮೈಕ್ರೊಲೀಟರ್‌ಗೆ 1.5 ಲಕ್ಷ ಇರಬೇಕು. ಎರಡು ದಾನದ ನಡುವೆ 48 ಗಂಟೆ, ವಾರಕ್ಕೆ ಎರಡು, ವರ್ಷಕ್ಕೆ 24ರ ಮಿತಿ. ಹಸಿದು ಬರಬೇಡಿ ಅಂದರೆ ನಮ್ಮೂರಿನ ದಾನಿ ಬೆಣ್ಣೆ ಮಸಾಲೆ ದೋಸೆ ತಿಂದೇ ಬರುತ್ತಾರೆ! ಜಿಡ್ಡಿಗೆ ಪ್ಲಾಸ್ಮಾ ಹಾಲಿನಂತೆ ಬೆಳ್ಳಗಾಗಿ, ಪದರ ಗುರುತಿಸುವ ಸೆನ್ಸರ್ ತಡವರಿಸುತ್ತದೆ. ಫೋನ್ ಮಾಡುವಾಗಲೇ ಇಡ್ಲಿ ಎಂದು ಹೇಳಿಬಿಡಿ.

ಭಾರತೀಯ ನರ್ಸಿಂಗ್ ಪರಿಷತ್ತಿನ ಕ್ರಿಟಿಕಲ್ ಕೇರ್, ಆಂಕಾಲಜಿಯ ಒಂದು ವರ್ಷದ ಕೋರ್ಸ್‌ಗಳ ಮಾದರಿ ನಮ್ಮ ಕಣ್ಣಮುಂದಿದೆ. ಅಫೆರೆಸಿಸ್‌ಗೂ ಅಷ್ಟೇ ಅವಧಿ ಬೇಕು. ಅದರಲ್ಲಿ ರಕ್ತನಿಧಿಗಿಂತ ಐಸಿಯುನಲ್ಲಿ ಹೆಚ್ಚು ತಿಂಗಳು ಕಳೆಯಬೇಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ಯಂತ್ರ ಆಫ್ ಆಗಿರಲಿ. ಹಳೆಯ ಹೆಮಟೊಕ್ರಿಟ್, ಎನಾಲಾಪ್ರಿಲ್, ನಿನ್ನೆಯ ಐವಿಐಜಿ ಮೂರೂ ಇರುವ ಒಂದು ಕೇಸ್ ಶೀಟ್ ಕೊಡಿ. ಮೂರನ್ನೂ ಕಂಡುಹಿಡಿದವರು ಮಾತ್ರ ಕಿಟ್ ಬಿಚ್ಚಲಿ.